ತೂಬಿನ ಮೇಲೆ ಕೂತದ್ದು

ಈ ಕೆರೆಯ ಹೆಜ್ಜಾರ್ಲೆ ಹಕ್ಕಿಗಳು ಉಳಿದದ್ದು ನನ್ನೊಬ್ಬನಿಂದ. ನಗಬೇಡ ಕಣೆ ಚಿಕ್ಕತಾಯಿ. ಕಣ್ಣಾರೆ ಕಂಡವನು ನನ್ನ ಶಿಷ್ಯ ಪುಟ್ಟಮಾದ ಒಬ್ಬನೇ. ಅವನು ಏರಿಯ ಕೆಳಗೆ ಮಣ್ಣಾಗಿದ್ದಾನೆ, ಹೋಗಿ ಕೇಳಿಕೋ.

ಹುಟ್ಟಿದಾಗಿನಿಂದ ನನ್ನ ನಾಲಿಗೆಗೆ ಮೀನು ಸೋಕಿಲ್ಲ. ಪಾಲು ಕೇಳುವವನಲ್ಲ ಅಂತ ಹಕ್ಕಿಗಳಿಗೆ ನನ್ನ ಮೇಲೆ ಭಾರಿ ನಂಬಿಕೆ.

ಕೆರೆಯನ್ನು ಪಕ್ಷಿಧಾಮ ಮಾಡಿದ ವರ್ಷ. ಸುತ್ತಿನ ಸೀಮೆಯಲ್ಲಿ ಆ ಹಕ್ಕಿ ಉಳಿದಿದ್ದದ್ದು ಇಲ್ಲೊಂದೇ ಕಡೆ. ನೀರಿನ ನಡುವಿನ ಜಾಲಿಮರಗಳ ತುಂಬ ಗೂಡು, ಗೂಡಿನ ತುಂಬ ರೆಕ್ಕೆ ಬಲಿಯದ ಮರಿ.

“ಬುದ್ಧೀ,” ಅಂದ ಪುಟ್ಟಮಾದ, “ನರಿ ನುಗ್ಗದಂಗೆ ಬೇಲಿ ಹಾಕಬ್ಯಾಡವಾ?”

“ಬೇಲಿ ಇದೆಯಲ್ಲೋ.”

“ಎಲ್ಲಿ? ನನ್ನ ಕಣ್ಣಿಗೆ ನೀರೊಂದೇ ಕಾಣ್ತದೆ.”

“ಸರಿಯಾಗೇ ಕಂಡಿದ್ದೀಯ.”

ಮುದುಕನಿಗೆ ಅರಳುಮರಳು ಅಂದುಕೊಂಡ. ನೀರು ಇಳಿದು ಕೆಸರಾದರೆ ಬೇಲಿಯ ಕಂಬ ನಿಂತೀತು ಅಂತ ಹೋಗಿ ತೂಬಿನ ಗೂಟ ಕಿತ್ತ. ನೀರು ನುಗ್ಗಿದ ರಭಸಕ್ಕೆ ಗೂಟ ಕೊಚ್ಚಿಹೋಯಿತು.

ಮಧ್ಯಾಹ್ನಕ್ಕೆ ಜಾಲಿಮರಗಳ ಬುಡದವರೆಗೂ ನೆಲ ಕಾಣತೊಡಗಿತು. ಆಚೆ ದಡದಲ್ಲಿ ನರಿಗಳು, ಮದುವೆ ದಿಬ್ಬಣದ ಹಾಗೆ, ಒಂದರ ಹಿಂದೊಂದು ಇಳಿದವು.

“ಬುದ್ಧೀ, ನರಿ! ಮರಿಗಳು ಹೋದವು!”

“ಬಾಗಿಲು ತೆಗೆದವನು ನೀನು. ಬಾ ಅಂದವನೂ ನೀನೇ.”

ನಾನು ಪಂಚೆ ಎತ್ತಿ ಕಟ್ಟಿದೆ. ಇಳಿದೆ. ತೂಬಿನ ಕಂಡಿಯ ಮೇಲೆ ಪಟ್ಟಾಗಿ ಕೂತೆ.

ನೀರು ನಿಂತಿತು. ನಿಂತದ್ದಷ್ಟೇ ಅಲ್ಲ, ನಾಚಿಕೊಂಡು ಹಿಂದಕ್ಕೆ ಏರಿತು. ನನ್ನ ಕುತ್ತಿಗೆಗೆ ಬಂತು. ನರಿಗಳು ಬಾಲ ಮೇಲೆತ್ತಿಕೊಂಡು ಈಜಿ ಓಡಿದವು.

“ನಾನೇನು ಮಾಡಲಿ ಬುದ್ಧೀ?” ಪುಟ್ಟಮಾದ ಅಳುತ್ತಿದ್ದ.

“ಬೇಲಿಗೆ ತಂದ ಕಂಬ ಇದೆಯಲ್ಲ, ಅದರಲ್ಲೇ ಗೂಟ ಕೆತ್ತು.”

ಕೆತ್ತಿದ. ಅವನ ಕೈ ಎಷ್ಟು ನಿಧಾನ ಅಂದರೆ, ಗೂಟ ಮುಗಿಯುವಷ್ಟರಲ್ಲಿ ಮರಿಗಳೆಲ್ಲ ಹಾರಿಹೋಗಿದ್ದವು! ನನ್ನನ್ನು ಅಲ್ಲಿಂದ ಕೀಳಲು ಎರಡು ಜೋಡಿ ಎತ್ತು ಬೇಕಾಯಿತು.

“ಅಲ್ಲೀಗಂಟ ಹೊಟ್ಟೆಗೆ?” ಚಿಕ್ಕತಾಯಿ ಕೇಳಿದಳು.

“ಹೆಜ್ಜಾರ್ಲೆಗಳು ಸಾಕಿದವು ಕಣೆ. ಗಂಟಲ ಚೀಲದಿಂದ ನನ್ನ ಬಾಯಿಗೇ ಮೀನು ಸುರಿಯುತ್ತಿದ್ದವು. ಏನು ರುಚಿ!”

“ಅಯ್ಯೋ ಬುದ್ಧೀ! ನಿಮ್ಮ ನಾಲಿಗೆಗೆ ಮೀನು ಸೋಕೇ ಇಲ್ಲ ಅಂದ್ರಲ್ಲಾ ಈಗ್ತಾನೆ?”

ಏರಿಯ ಮೇಲೆ ಕತೆ ಕೇಳುತ್ತ ಕೂತಿದ್ದವರೆಲ್ಲ ಗೊಳ್ಳೆಂದರು. ಆ ಹೊತ್ತಿಗೆ ಜಾಲಿಮರಗಳಿಂದ ಹಿಂಡೊಂದು ಎದ್ದಿತು. ಅದರ ನೆರಳು ನಮ್ಮೆಲ್ಲರ ತಲೆಯ ಮೇಲೆ ಹಾದುಹೋಗಲು ಬಹಳ ಹೊತ್ತು ಹಿಡಿಯಿತು.

ನಾನು ಹೆಗಲ ವಲ್ಲಿ ಕೊಡವಿ ಮತ್ತೆ ಹಾಕಿಕೊಂಡೆ.

“ಅದಿರಲಿ. ಮೊದಲು ಆ ಹಕ್ಕಿಗಳನ್ನ ಸುಳ್ಳು ಅನ್ನು ನೋಡೋಣ.”