ಕೆಂಡದ ಗಾಡಿ

“ಗುರುಗಳೇ, ಈ ಕೆಲಸ ಒಪ್ಪಲೇ, ಬಿಡಲೇ?” ಎಂದು ಕೊಟ್ರೇಶಿ ಕೇಳಿದ.

ಅವನು ಸೈನ್ಯದಲ್ಲಿ ಲಾರಿ ಓಡಿಸುವವನು. ಖಂಡ ದಾಟಿ ಹೋಗುವ ಅಣುಕ್ಷಿಪಣಿಯನ್ನು ಹೊತ್ತ ವಾಹನಕ್ಕೆ ಈಗ ಅವನನ್ನು ಹಾಕಿದ್ದರು. “ಅದು ಒಂದೆಡೆ ನಿಲ್ಲುವಂತಿಲ್ಲ. ಎಲ್ಲಿದೆಯೆಂದು ತಿಳಿಯದಿದ್ದರೆ ವೈರಿ ನಮ್ಮ ಮೇಲೆ ಕೈಮಾಡಲು ಅಂಜುತ್ತಾನೆ. ಹಾರಿಸುವುದಕ್ಕಲ್ಲ, ಹಾರಿಸುವ ಪ್ರಸಂಗವೇ ಬಾರದಿರಲಿ ಎಂದು ಅದನ್ನು ತಿರುಗಿಸುವುದಂತೆ.”

ಗುರುಗಳು ಎಲೆಗೆ ಸುಣ್ಣ ಸವರುತ್ತ, “ಒಂದು ಕತೆ ಇದೆ. ಹೋದ ಸಲ ಬೇರೆ ಥರ ಹೇಳಿದ್ದೆ, ಅದನ್ನು ಮರೆತುಬಿಡು” ಎಂದು ಶುರುಮಾಡಿದರು.

ಇಬ್ಬರು ರೈತರು. ಹೊಲಗಳು ಅಕ್ಕಪಕ್ಕ, ಮೇವಿನ ಬಣವೆಗಳೂ ಅಕ್ಕಪಕ್ಕ. ಬದುವಿನ ಜಗಳ ಬೆಳೆದು, ‘ನಿನ್ನ ಬಣವೆಗೆ ಕೊಳ್ಳಿ ಇಡ್ತೀನಿ’ ಎಂದ ಒಬ್ಬ. ‘ಇಡಪ್ಪಾ, ನಿಂದೇನು ತಣ್ಣಗಿರುತ್ತಾ?’ ಎಂದ ಇನ್ನೊಬ್ಬ. ಅಂದಿನಿಂದ ಇಬ್ಬರೂ ಮನೆಯಲ್ಲಿ ಕೆಂಡದ ಮಡಕೆಯನ್ನು ಆರದಂತೆ ಕಾದರು.

ಮೊದಲನೆಯವನಿಗೆ ಚಿಂತೆ ಹತ್ತಿತು. ನೆರೆಯವನು ಮುಂಚೆಯೇ ಬಂದು ಮಡಕೆಗೆ ನೀರು ಸುರಿದರೆ? ಅವನು ಮಡಕೆಯನ್ನು ಎತ್ತಿನ ಗಾಡಿಗೆ ಏರಿಸಿ ಆಳಿಗೆ ಹೇಳಿದ: ‘ಒಂದು ಕಡೆ ನಿಲ್ಲಬೇಡ. ಎಲ್ಲಿದ್ದೀಯೆಂದು ನನಗೂ ಹೇಳಬೇಡ. ನಮ್ಮ ಬಣವೆ ಕಡೆ ಹೊಗೆ ಎದ್ದರೆ ಕೇಳುವುದಕ್ಕೆ ಬರಬೇಡ. ಅವನದನ್ನು ಸುಡು.’ ಗಾಡಿಯ ಸುದ್ದಿಯನ್ನು ಮಾತ್ರ ತಾನೇ ಊರಿಗೆಲ್ಲ ಸಾರಿದ. ನೆರೆಯವನು ತೆಪ್ಪಗಾದ.

ಆಳು ಅಲೆದ. ಗಾಳಿ ಬೀಸಿದಾಗ ಮಡಕೆಗೆ ಬೆನ್ನು ಅಡ್ಡ ಕೊಟ್ಟು ಕೂತ. ಒಂದು ಮಧ್ಯಾಹ್ನ ದೂರದಿಂದ ನೋಡುತ್ತಾನೆ, ಧಣಿಯ ಬಣವೆ ಕಡೆ ಹೊಗೆ! ಎತ್ತುಗಳನ್ನು ಹೊಡೆದ. ಎತ್ತು ಎಷ್ಟೆಂದರೂ ಎತ್ತು, ಬಹಳ ಹೊತ್ತು ಹಿಡಿಯಿತು. ಕೊನೆಗೂ ತಲುಪಿ, ನೆರೆಯವನ ಬಣವೆಯೆದುರು ಮಡಕೆ ಎತ್ತಿದ. ಬದುವಿನಾಚೆ ನಗು ಕೇಳಿಸಿತು. ನೋಡಿದರೆ, ಆ ಇಬ್ಬರು ರೈತರ ಹೆಂಡಂದಿರು ಒಟ್ಟಿಗೆ ಕೂತು, ಕುಳ್ಳಿನ ಬೆಂಕಿಯಲ್ಲಿ ಎಳೆ ಜೋಳದ ತೆನೆ ಸುಟ್ಟು ಸೀತನಿ ತಿನ್ನುತ್ತಿದ್ದಾರೆ.

‘ಏನೋ ತಮ್ಮಾ, ನಮ್ಮ ಬೆಂಕಿ ಸಾಲದು ಅಂತ ನಿಂದೂ ಹೊತ್ತು ತಂದ್ಯಾ?’ ಎಂದು ನೆರೆಯವನ ಹೆಂಡತಿ ಅವನಿಗೂ ಒಂದು ಹಿಡಿ ಕೊಟ್ಟಳು. ಅವನು ಮಡಕೆಯನ್ನು ಕೆಳಗಿಟ್ಟು ಕೈಯೊಡ್ಡಿದ.

ಗುರುಗಳು ಎಲೆ ಮಡಿಸಿ ಬಾಯಿಗಿಟ್ಟರು.

“ಬಣವೆ ಎರಡೂ ಉಳಿದವಲ್ಲ ಗುರುಗಳೇ” ಎಂದ ಕೊಟ್ರೇಶಿ. ಅವನ ಮುಖ ಹಗುರಾಗಿತ್ತು. “ಹಾಗಾದರೆ ಒಪ್ಪಬಹುದು.”

“ಅವರು ಕೊಡುವ ಕ್ಷಿಪಣಿ ಎತ್ತಿನ ನಡಿಗೆಯಲ್ಲಿ ಹೋಗುವುದಾದರೆ, ಧಾರಾಳವಾಗಿ ಒಪ್ಪಿಕೋ.”