ಒಂಟಿ ಚಪ್ಪಲಿ

ವಠಾರದಲ್ಲಿ ಬಟ್ಟೆ ಹೊಲಿಯುತ್ತಿದ್ದ ಕುಸುಮಳ ಮನೆಗೆ ಅವಳ ಚಿಕ್ಕಪ್ಪ ಹಗ್ಗ ಹಿಡಿದೇ ಬಂದರು. ಹಿಂದೆ ಕಜ್ಜಿ ಹತ್ತಿದ್ದ ನಾಯಿಮರಿಯನ್ನು ಅವಳ ತಲೆಗೆ ಕಟ್ಟಿ ಹೋದವರು ಅವರೇ. ಈಗ ಆ ಮರಿ, ಅಂದರೆ ಅವಳ ಬೊಮ್ಮ, ಮೈಕೈ ತುಂಬಿಕೊಂಡು, ಕಂಡವರು ತಿರುಗಿ ನೋಡುವಂತಾಗಿದ್ದ.

"ನಾಯಿ ನನ್ನದು. ನಿನ್ನ ಹತ್ತಿರ ಬಿಟ್ಟಿದ್ದೆ, ಅಷ್ಟೆ," ಎಂದರು.

ಬೇವಿನೆಣ್ಣೆ ಹಚ್ಚಿ ಮರಿಯನ್ನು ಬದುಕಿಸಿದವಳು ಕುಸುಮ. ಅವಳು ನೇರ ಅಂಗಳಕ್ಕೆ ಹೋಗಿ ಕೂಗಿದಳು: "ರತ್ನಕ್ಕಾ, ಎಲ್ಲರೂ ಬನ್ನಿ! ಬೊಮ್ಮನ ಯಜಮಾನರು ಬಂದಿದ್ದಾರೆ!"

ವಠಾರದ ಜನ ಬಂದರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಒಂಟಿ ಚಪ್ಪಲಿ.

"ಇದರ ಜೋಡಿಯನ್ನು ನಿಮ್ಮ ನಾಯಿ ತಿಂದಿದೆ ಸ್ವಾಮಿ," ಎಂದಳು ನೆರೆಮನೆಯ ರತ್ನಕ್ಕ. "ಕುಸುಮಳ ಮುಖ ನೋಡಿ ಸುಮ್ಮನಿದ್ದೆವು. ನಿಮ್ಮ ಹತ್ತಿರ ಏನು ದಾಕ್ಷಿಣ್ಯ?"

ಚಿಕ್ಕಪ್ಪ ಹಗ್ಗವನ್ನು ಜೇಬಿಗೆ ತುರುಕಿ ಹೊರಟರು. ಹೊಸ್ತಿಲ ಬಳಿ ಅವರದೂ ಒಂದೇ ಚಪ್ಪಲಿ ಉಳಿದಿತ್ತು.

"ಏ ಕುಸುಮಾ! ನಿನ್ನ ನಾಯಿ ನನ್ನ ಚಪ್ಪಲಿ ಕಚ್ಚಿಕೊಂಡು ಕೂತಿದೆ!"

"ಯಾರ ನಾಯಿ ಚಿಕ್ಕಪ್ಪ? ಎಲ್ಲರಿಗೂ ಕೇಳಿಸಲಿ."

"ನಿನ್ನದು ತಾಯಿ, ನಿನ್ನದೇ!"

ಕುಸುಮ ಬೊಮ್ಮನ ಬಾಯಿಂದ ಚಪ್ಪಲಿ ಬಿಡಿಸಿದಳು. ಹರಿದ ಪಟ್ಟಿಯನ್ನು ಗಟ್ಟಿಯಾಗಿ ಹೊಲಿದು, ಚಿಕ್ಕಪ್ಪನ ಕಾಲ ಬಳಿ ಇಟ್ಟಳು.