ಅಬ್ಬಲಿಗೆ ಬುಟ್ಟಿ

ಹೊಳೆಬದಿಯ ಹಂಚಿನ ಮನೆಯೊಂದರಲ್ಲಿ ಸೆವ್ರಿನ್ ಬಾಯಮ್ಮ ಕೇಕು ಮಾಡುವುದನ್ನು ಕಲಿಸುತ್ತಿದ್ದರು. ಅಂಗಡಿಯ ಕೇಕಲ್ಲ, ಫ್ರಾನ್ಸಿನ ಕಡೆಯದು, ಹೊಳೆಯಲ್ಲಿ ಸಿಗುವ ಮರುವಾಯಿ ಚಿಪ್ಪಿನ ಆಕಾರದ್ದು, ಹತ್ತಿಯಷ್ಟು ಮೆತ್ತಗಿನದು. ಪಕ್ಕದಲ್ಲಿ ಸೀನಿದರೂ ಕುಸಿಯುತ್ತದೆ ಎಂದು ಊರವರು ತಮಾಷೆ ಮಾಡುತ್ತಿದ್ದರು.

ಶಿಷ್ಯೆ ವಾರಿಜಾ. ಐವತ್ತು ದಾಟಿದವಳು, ಕೈ ಚುರುಕು. ಮನಸ್ಸು ಮಾತ್ರ ಕಾದ ಕಾವಲಿಯ ಮೇಲಿನ ನೀರಹನಿ, ಒಂದು ಕಡೆ ನಿಂತದ್ದಿಲ್ಲ.

ಆ ಸಂಜೆ ಅವಳ ಮಗಳು ಮೇಘಶ್ರೀ ಬರುವವಳಿದ್ದಳು. ಎರಡು ವರ್ಷದಿಂದ ತಾಯಿ ಮಗಳಿಗೆ ಮಾತಿಲ್ಲ. ಕಾರಣ ವಾರಿಜಾಳಿಗೆ ಗೊತ್ತೇ ಇತ್ತು. ಮಗಳ ಬ್ಯಾಗು ತೆರೆದು ನೋಡುವುದು, ಫೋನು ತೆರೆದು ನೋಡುವುದು, ಮುಖ ತುಸು ಬಾಡಿದರೆ ಏನಾಯಿತು, ಯಾರೇನೆಂದರು ಎಂದು ಜೀವ ಹಿಂಡುವುದು. ಒಂದು ದಿನ ಹುಡುಗಿ ಎದ್ದು ಹೋದಳು, ಅಷ್ಟೆ.

ಈಗ ತಾನಾಗಿ ಫೋನು ಮಾಡಿದ್ದಳು. ಬಾಯಮ್ಮನ ಮನೆಗೇ ಬರ್ತೇನೆ, ಚಿಪ್ಪಿನ ಕೇಕು ಮಾಡಿಡು ಎಂದಿದ್ದಳು. ಇವತ್ತು ಕೆಟ್ಟರೆ ಇನ್ನು ಬರಲಿಕ್ಕಿಲ್ಲ ಎಂಬುದೇ ವಾರಿಜಾಳ ಹೆದರಿಕೆ.

ಮೊದಲ ತಟ್ಟೆಯ ಕೇಕು ಕುಸಿಯಿತು. ಎರಡನೆಯದೂ ನಡುವಿಗೆ ಗುಳಿ ಬಿದ್ದು ಹೊರಬಂತು.

"ಓವನ್ನಿನ ಬಾಗಿಲು ಎಷ್ಟು ಸಲ ತೆಗೆದೆ?" ಬಾಯಮ್ಮ ಕೇಳಿದರು.

"ಒಂದೇ ಸಲ."

ಬಾಯಮ್ಮ ಗುಳಿ ಬಿದ್ದ ಕೇಕೊಂದನ್ನು ಅವಳ ಮುಂದೆ ಸರಿಸಿದರು.

"ನಾಲ್ಕೈದು ಸಲ ಇರಬಹುದು. ಉಬ್ಬಿದೆಯೋ ಇಲ್ಲವೋ ಅಂತ ಗೊತ್ತಾಗುವುದು ಬೇಡವಾ, ಬಾಯಮ್ಮ?"

ಮುದುಕಿ ಬೈಯಲಿಲ್ಲ. ಉಳಿದ ಹಿಟ್ಟನ್ನು ಅಚ್ಚಿಗೆ ಹೊಯ್ದು ಒಳಗಿಟ್ಟರು. ಹಿತ್ತಿಲಿಗೆ ಹೋಗಿ ಒಂದು ಬುಟ್ಟಿ ಅಬ್ಬಲಿಗೆ ಹೂ ಕೊಯ್ದು ತಂದು, ಬಾಳೆನಾರಿನ ಜತೆ ಶಿಷ್ಯೆಯ ಮಡಿಲಿಗಿಟ್ಟು, ಕಟ್ಟು ಎಂದರು.

ಇದೆಂಥ ಕರ್ಮ, ಜೀವ ಬಾಯಿಗೆ ಬಂದಿರುವಾಗ ಹೂ ಕಟ್ಟುವುದಾ ಎಂದು ವಾರಿಜಾಳಿಗೆ ಅಳುವೇ ಬಂತು. ಆದರೆ ಎರಡೂ ಕೈ ನಾರಿನಲ್ಲಿ ಸಿಕ್ಕಿಕೊಂಡಿದ್ದವು. ಓವನ್ನಿನ ಬಾಗಿಲಿಗೆ ಕೈ ಚಾಚಿದರೆ ಗಂಟು ಸಡಿಲಿ ಹೂವೆಲ್ಲ ನೆಲದ ಪಾಲು. ಹಾಗಾಗಿ ಗೊಣಗುತ್ತ ಕಟ್ಟಿದಳು.

"ಕಟ್ಟಿಸುವುದಿದ್ದರೆ ಮಲ್ಲಿಗೆಯನ್ನಾದರೂ ಕೊಡಬಾರದಿತ್ತಾ?"

"ಅಬ್ಬಲಿಗೆಗೆ ವಾಸನೆ ಇಲ್ಲ. ಮಲ್ಲಿಗೆ ಕೊಟ್ಟರೆ, ಕೇಕು ತಾನು ಬೆಂದೆ ಅಂತ ಹೇಳುವುದು ನಿನಗೆ ಹೇಗೆ ಗೊತ್ತಾಗ್ತದೆ?"

ಹೂ ಮೊಳದುದ್ದ ಆಗಿತ್ತು. ಆಗ ಓವನ್ನಿನ ಕಡೆಯಿಂದ ಬೆಣ್ಣೆಯ, ಲಿಂಬೆ ಸಿಪ್ಪೆಯ ಘಮ ಮೆಲ್ಲಗೆ ಬಂತು. ಬಾಯಮ್ಮ ತಲೆಯಾಡಿಸಿದರು. ಬಾಗಿಲು ತೆಗೆದರೆ ಚಿಪ್ಪುಗಳೆಲ್ಲ ಹೊಂಬಣ್ಣಕ್ಕೆ ತಿರುಗಿ ಬೆನ್ನುಬ್ಬಿಸಿ ಕೂತಿದ್ದವು. ವಾರಿಜಾ ಕಣ್ಣೊರೆಸಿಕೊಂಡಳು.

ಸಂಜೆ ಮೇಘಶ್ರೀ ಬಂದಳು. ಸೊರಗಿದ್ದಳು. ಜಗಲಿಯಲ್ಲಿ ಕೂತು ಬ್ಯಾಗನ್ನು ಪಕ್ಕಕ್ಕಿಟ್ಟು, ಒಂದು ಕೇಕು ತೆಗೆದು ಅರ್ಧ ತಿಂದಳು. ಮತ್ತೆ ಹೊಳೆಯನ್ನೇ ನೋಡುತ್ತ ಕೂತುಬಿಟ್ಟಳು. ಕಣ್ಣು ತುಂಬಿತ್ತು.

ಏನಾಯಿತು, ಯಾರೇನೆಂದರು, ಯಾಕೆ ಇಷ್ಟು ಇಳಿದುಹೋಗಿದ್ದಿ? ಅಷ್ಟೂ ಪ್ರಶ್ನೆ ವಾರಿಜಾಳ ನಾಲಗೆಯ ತುದಿಗೆ ಬಂದು ನಿಂತವು. ಅವಳು ಎದ್ದು ಮಗಳ ಕಡೆಗೆ ಒಂದು ಹೆಜ್ಜೆ ಇಟ್ಟಳು.

ಒಳಗಿನಿಂದ ಬಾಯಮ್ಮನ ದನಿ ಬಂತು.

"ಬುಟ್ಟಿಯಲ್ಲಿ ಹೂ ಇನ್ನೂ ಉಂಟು, ವಾರಿಜಾ."